ನಾಯಿ ಜೊತೆ ಕ್ಯಾಂಪಿಂಗ್: ಹಗ್ಗ ಕೈತಪ್ಪದಂತೆ ಹೋಗಿಬರಲು ಸಮಗ್ರ ಮಾರ್ಗದರ್ಶಿ

ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ನಾಯಿ ಕರೆದುಕೊಂಡು ಟೆಂಟು ಹಾಕಲು ಹೋದವರ ಕಷ್ಟ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಕಾರಿನ ಬಾಗಿಲು ತೆಗೆದ ಕೂಡಲೇ ನಾಯಿ ಹಾರಿ ಓಡಿತು. ಮರಕ್ಕೆ ಕಟ್ಟಿದರೆ ಸುತ್ತಿ ಸುತ್ತಿ ಹಗ್ಗ ಸಿಕ್ಕಿಸಿಕೊಂಡಿತು. ರಾತ್ರಿಯೆಲ್ಲ ಬೊಗಳಿತು. ಬೆಳಿಗ್ಗೆ ಎದ್ದು ತೋಟದವರ ನಾಟಿ ಕೋಳಿ ಹಿಡಿಯಿತು. ಮನೆಯಲ್ಲಿ ಹೇಳಿದ ಮಾತು ಕೇಳುವ ನಾಯಿ ಅಲ್ಲಿ ಹೀಗೇಕೆ ಮಾಡುತ್ತದೆ ಅಂತ ಎಲ್ಲರೂ ಕೇಳುತ್ತಾರೆ.

ನಾಯಿಗೆ ಅದು ಪೂರ್ತಿ ಹೊಸ ಜಾಗ. ಕಾಡುಹಂದಿ, ಮೊಲ, ದನ, ಬೇರೆ ನಾಯಿ, ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ಆ ಹೊತ್ತಿನಲ್ಲಿ ನಮ್ಮ ಕೂಗು ಅದರ ಕಿವಿಗೆ ಬೀಳಬೇಕಾದರೆ ತಯಾರಿ ಮನೆಯಲ್ಲೇ ಆಗಿರಬೇಕು. ಅಲ್ಲಿಗೆ ಹೋದ ಮೇಲೆ ಕೆಲಸಗಳ ಕ್ರಮ ತಪ್ಪಬಾರದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೇ ಹಂತ ದಾಟದಿದ್ದರೆ ಪ್ರವಾಸವನ್ನೇ ಮುಂದಕ್ಕೆ ಹಾಕಿ.

## ಹಂತ 1: ಜಾಗ ಆರಿಸುವುದು

ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಿ. ಬಂಡೀಪುರ, ನಾಗರಹೊಳೆ, ಭದ್ರಾ, ಕುದುರೆಮುಖ, ಪುಷ್ಪಗಿರಿ, ಇಲ್ಲೆಲ್ಲ ಸಾಕುನಾಯಿ ಒಯ್ಯುವಂತಿಲ್ಲ. ಇದು ಸುಮ್ನೆ ಮಾಡಿದ ನಿಯಮ ಅಲ್ಲ. ನಾಯಿಯಿಂದ ಕಾಡುಪ್ರಾಣಿಗೆ ರೇಬಿಸ್ ಮತ್ತು ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಹರಡುತ್ತದೆ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳು ಸತ್ತಾಗ ಅವುಗಳಲ್ಲಿ ಪತ್ತೆಯಾಗಿದ್ದು ಇದೇ ಡಿಸ್ಟೆಂಪರ್ ವೈರಸ್.

ಉಳಿಯುವುದು ಖಾಸಗಿ ಕಾಫಿ ತೋಟ, ಹೋಂಸ್ಟೇ ಅಂಗಳ, ಊರಿನ ಹತ್ತಿರದ ಫಾರ್ಮ್. ಬುಕ್ ಮಾಡುವ ಮುಂಚೆ ಫೋನಿನಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ.

ಮೊದಲನೆಯದು, ಈಗ ಸುತ್ತಮುತ್ತ ಆನೆ ಓಡಾಟ ಇದೆಯಾ? ಸಕಲೇಶಪುರ, ಆಲೂರು, ಕೊಡಗಿನ ತೋಟಗಳಲ್ಲಿ ಇದು ದಿನನಿತ್ಯದ ಮಾತು. ನಾಯಿ ಆನೆ ಕಂಡರೆ ಬೊಗಳುತ್ತದೆ, ಆನೆ ತಿರುಗಿಬಿದ್ದರೆ ಓಡಿಬಂದು ನಿಮ್ಮ ಕಾಲಿನ ಹಿಂದೆ ಅಡಗುತ್ತದೆ. ಆನೆ ಅದರ ಹಿಂದೆಯೇ ಬರುತ್ತದೆ. 'ಇದೆ' ಅಂದರೆ ಆ ವಾರ ಹೋಗಬೇಡಿ. ಎರಡನೆಯದು, ಚಿರತೆ ನಾಯಿ ಹೊತ್ತುಕೊಂಡು ಹೋಗಿದ್ದು ಉಂಟಾ? ಮೂರನೆಯದು, ತೋಟದಲ್ಲಿ ಎಷ್ಟು ನಾಯಿ ಇವೆ, ಕಟ್ಟಿ ಹಾಕುತ್ತಾರಾ? ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಇದೇ ಮುಖ್ಯ: ಹತ್ತಿರದಲ್ಲಿ ಹಂದಿಗೆ ಉರುಳು, ಸಿಡಿಮದ್ದು ಇಡುವವರು ಇದ್ದಾರಾ, ಬಸವನಹುಳಕ್ಕೆ ಅಥವಾ ಇಲಿಗೆ ವಿಷ ಹಾಕಿದ್ದೀರಾ? ಆಫ್ರಿಕನ್ ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿ ತಿಂಡಿ ಅಂದುಕೊಂಡು ತಿನ್ನುತ್ತದೆ. ಸ್ವಲ್ಪ ತಿಂದರೂ ನಡುಕ, ಫಿಟ್ಸ್ ಬರುತ್ತದೆ.

ಉತ್ತರ ಕೊಡಲು ತಡವರಿಸುವ ಜಾಗಕ್ಕೆ ಹೋಗಬೇಡಿ. 'ನಾಯಿ ಆರಾಮಾಗಿ ಬಿಟ್ಟುಬಿಡಿ ಸಾರ್, ಏನೂ ಆಗಲ್ಲ' ಅನ್ನುವವರನ್ನೂ ನಂಬಬೇಡಿ. ಅವರ ನಾಯಿಗೆ ಆ ತೋಟ ಗೊತ್ತು, ನಿಮ್ಮ ನಾಯಿಗೆ ಗೊತ್ತಿಲ್ಲ.

## ಹಂತ 2: ಒಂದು ತಿಂಗಳು ಮೊದಲು ಡಾಕ್ಟರ್ ಹತ್ತಿರ

ರೇಬಿಸ್ ಲಸಿಕೆ ಅವಧಿ ಮುಗಿದಿದೆಯಾ ನೋಡಿ. ಜೊತೆಗೆ ಡಿಸ್ಟೆಂಪರ್, ಪಾರ್ವೊ, ಲೆಪ್ಟೊಸ್ಪೈರೋಸಿಸ್ ಲಸಿಕೆ. ಕೊನೆಯದು ಇಲಿ ಜ್ವರದ್ದು. ಗದ್ದೆ, ಹಳ್ಳ, ನಿಂತ ನೀರು ಇರುವ ಕಡೆ ಅದು ಬೇಕೇ ಬೇಕು. ಲಸಿಕೆ ಹಾಕಿಸಿದ ದಿನವೇ ರಕ್ಷಣೆ ಸಿಗುವುದಿಲ್ಲ. ಹಾಗಾಗಿ ಹೊರಡುವ ಹಿಂದಿನ ದಿನ ಹೋದರೆ ಉಪಯೋಗ ಇಲ್ಲ.

ಉಣ್ಣೆಗೆ (ರಕ್ತ ಹೀರುವ ಉಣುಗು) ಮಾತ್ರೆ ಅಥವಾ ಬೆನ್ನಿಗೆ ಹಾಕುವ ಔಷಧಿಯನ್ನು ಡಾಕ್ಟರ್ ನಾಯಿಯ ತೂಕ ನೋಡಿ ಕೊಡುತ್ತಾರೆ. ಬೆನ್ನಿಗೆ ಹಾಕುವ ಔಷಧಿ ಆದರೆ ಹಿಂದೆ ಮುಂದೆ ಎರಡು ದಿನ ಸ್ನಾನ ಮಾಡಿಸಬೇಡಿ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಡಿಸೆಂಬರಿನಿಂದ ಮೇ ವರೆಗೆ ಮಂಗನ ಕಾಯಿಲೆಯ ಕಾಲ. ಅದನ್ನು ಹರಡುವುದು ಉಣ್ಣೆ. ನಾಯಿ ಮೈಮೇಲೆ ಕುಳಿತು ಟೆಂಟಿನೊಳಗೆ ಬರುವ ಉಣ್ಣೆ ನಿಮಗೆ ಅಪಾಯ. ಕಾಯಿಲೆ ವರದಿಯಾದ ಊರಿಗೆ ಆ ತಿಂಗಳುಗಳಲ್ಲಿ ನಾಯಿ ಒಯ್ಯಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ನಾಯಿಯನ್ನೂ ಬಿಡಬೇಡಿ, ಆರೋಗ್ಯ ಇಲಾಖೆಯವರಿಗೆ ತಿಳಿಸಿ.

ಬೆದೆಗೆ ಬಂದ ಹೆಣ್ಣುನಾಯಿ, ಆರು ತಿಂಗಳು ತುಂಬದ ಮರಿ, ಪಟಾಕಿ ಗುಡುಗಿಗೆ ಮಂಚದ ಕೆಳಗೆ ಸೇರುವ ನಾಯಿ, ಇವು ಮನೆಯಲ್ಲೇ ಇರಲಿ.

## ಹಂತ 3: ಮನೆಯಲ್ಲೇ ಕಲಿಸಬೇಕಾದ ಮೂರು ಪಾಠ

ಜಾಸ್ತಿ ಜನ ಸೋಲುವುದು ಇಲ್ಲಿ. ಹಗ್ಗ, ಬೆಲ್ಟಿಗೆ ಸಾವಿರಾರು ರೂಪಾಯಿ ಕೊಡುತ್ತಾರೆ, ದಿನಕ್ಕೆ ಹದಿನೈದು ನಿಮಿಷ ಕೊಡುವುದಿಲ್ಲ. ಕನಿಷ್ಠ ಮೂರು ವಾರ ಬೇಕು.

ಕರೆದರೆ ಬರುವುದು. 'ಬಾ ಬಾ' ಅಂತ ದಿನಾ ಹತ್ತು ಸಲ ಕರೆದು, ಬಾರದಿದ್ದರೂ ಸುಮ್ಮನಾಗಿರುತ್ತೀರಿ. ಆ ಶಬ್ದಕ್ಕೆ ಈಗ ಬೆಲೆ ಇಲ್ಲ. ಹೊಸ ಶಬ್ದ ಇಟ್ಟುಕೊಳ್ಳಿ, ಅಥವಾ ಒಂದು ಸೀಟಿ. ಮೊದಲು ಮನೆಯೊಳಗೆ ಸೀಟಿ ಊದಿ, ಕೂಡಲೇ ಬೇಯಿಸಿದ ಕೋಳಿ ತುಂಡು ಅಥವಾ ಪನೀರ್ ಕೊಡಿ. ದಿನದ ಊಟದ ಕಾಳುಗಳು ಸಾಲುವುದಿಲ್ಲ. ಬೇರೆ ಯಾವಾಗಲೂ ಸಿಗದ ರುಚಿ ಆಗಿರಬೇಕು. ಒಂದು ವಾರದ ನಂತರ ಖಾಲಿ ಸೈಟು ಅಥವಾ ಮೈದಾನಕ್ಕೆ ಹೋಗಿ, 8–10 ಮೀಟರ್ ಉದ್ದದ ಹಗ್ಗ ಕಟ್ಟಿ ಅದನ್ನೇ ಮಾಡಿ. ಮೂರನೇ ವಾರ ದೂರದಲ್ಲಿ ಬೇರೆ ನಾಯಿ, ಆಡುವ ಮಕ್ಕಳು ಇರುವ ಕಡೆ.

ಇಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತದೆ. ತಡವಾಗಿ ಬಂದ ನಾಯಿಗೆ ಬೈಯುವುದು ಒಂದು. ಬಂದರೆ ಬೈಗುಳ ಅಂತ ಅದು ಕಲಿಯುತ್ತದೆ. ಇನ್ನೊಂದು, ಬಂದ ಕೂಡಲೇ ಚೈನು ಹಾಕಿ ಆಟ ಮುಗಿಸಿಬಿಡುವುದು. ಹತ್ತು ಸಲ ಕರೆದರೆ ಎಂಟು ಸಲ ತಿಂಡಿ ಕೊಟ್ಟು ಮತ್ತೆ ಆಡಲು ಬಿಡಿ.

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. ಅದು ಕಣ್ಣಿನಿಂದ ಬೇಟೆಯಾಡುವ ತಳಿ. ಓಡುವ ಮೊಲ ಕಂಡ ಮೇಲೆ ಯಾವ ಸೀಟಿಯೂ ತಲುಪದು. ಎಷ್ಟೇ ಚೆನ್ನಾಗಿ ಕಲಿತಿದ್ದರೂ ಬಯಲಲ್ಲಿ ಬಿಚ್ಚಬೇಡಿ. ಮೂಗು ನೆಲಕ್ಕಿಟ್ಟು ಹೋಗುವ ಬೀಗಲ್‌ಗೂ ಇದೇ ಮಾತು.

ಚಾಪೆಯ ಮೇಲೆ ಮಲಗುವುದು. ಒಂದು ಹಳೆ ಚಾಪೆ ಅಥವಾ ರಗ್ಗು ಅದಕ್ಕೆ ಮೀಸಲಿಡಿ. ಅದರ ಮೇಲೆ ಕುಳಿತರೆ ತಿಂಡಿ, ಮಲಗಿದರೆ ಇನ್ನೊಂದು. ಅರ್ಧ ನಿಮಿಷದಿಂದ ಶುರು ಮಾಡಿ ಅರ್ಧ ಗಂಟೆಗೆ ತನ್ನಿ. ಕ್ಯಾಂಪಿನಲ್ಲಿ ಒಲೆ ಹಚ್ಚುವಾಗ, ಊಟ ಮಾಡುವಾಗ, ಯಾರಾದರೂ ಬಂದಾಗ ನಾಯಿ ಎಲ್ಲಿರಬೇಕು ಅನ್ನುವ ಪ್ರಶ್ನೆಗೆ ಈ ಚಾಪೆಯೇ ಉತ್ತರ. ಮುಂದೆ ಇದೇ ಚಾಪೆಯನ್ನು ತೋಟಕ್ಕೆ ಒಯ್ಯುತ್ತೀರಿ. ತನ್ನ ವಾಸನೆ ಇರುವ ಚಾಪೆ ಸಿಕ್ಕರೆ ನಾಯಿ ಬೇಗ ಸಮಾಧಾನವಾಗುತ್ತದೆ.

ಟೆಂಟಿನ ಅಭ್ಯಾಸ. ತಾರಸಿಯಲ್ಲೋ ಅಂಗಳದಲ್ಲೋ ಟೆಂಟು ಹಾಕಿ. ಮೊದಲು ಬಾಗಿಲು ತೆರೆದಿಟ್ಟು ಒಳಗೆ ಊಟ ಕೊಡಿ. ಜಿಪ್ ಎಳೆಯುವ ಸದ್ದು ಅಭ್ಯಾಸ ಆಗಲಿ. ಕೊನೆಗೆ ಒಂದು ರಾತ್ರಿ ನೀವೂ ಅದರ ಜೊತೆ ಅಲ್ಲೇ ಮಲಗಿ.

ಪರೀಕ್ಷೆ ಹೀಗೆ: ನೀವು ಅಡುಗೆ ಮಾಡುವ ಅರ್ಧ ಗಂಟೆ ಅದು ಚಾಪೆಯ ಮೇಲಿರಬೇಕು. ಮೈದಾನದಲ್ಲಿ ಬೇರೆ ನಾಯಿ ನೋಡುತ್ತಿದ್ದರೂ ಮೊದಲ ಸೀಟಿಗೆ ತಿರುಗಬೇಕು. ಟೆಂಟಿನಲ್ಲಿ ರಾತ್ರಿ ಕಳೆಯಬೇಕು. ಯಾವುದಾದರೂ ಒಂದು ಆಗದಿದ್ದರೆ ನಾಯಿ ಇನ್ನೂ ತಯಾರಿಲ್ಲ.

## ಹಂತ 4: ಒಯ್ಯಬೇಕಾದ ಸಾಮಾನು

ಎದೆಗೆ ಹಾಕುವ ಹಾರ್ನೆಸ್ ಒಂದು, ಕತ್ತಿನ ಬೆಲ್ಟ್ ಒಂದು. ಎರಡೂ ಬೇಕು. ಬೆಲ್ಟಿನ ಮೇಲೆ ನಿಮ್ಮ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ ಇರಲಿ. ಹಗ್ಗಕ್ಕೆ ಎರಡು ಕೊಂಡಿ ಇರುವಂಥದ್ದು ತೆಗೆದುಕೊಂಡು ಒಂದನ್ನು ಹಾರ್ನೆಸ್‌ಗೆ, ಇನ್ನೊಂದನ್ನು ಬೆಲ್ಟಿಗೆ ಹಾಕಿ. ಒಂದು ಕಳಚಿದರೂ ಇನ್ನೊಂದು ಹಿಡಿಯುತ್ತದೆ. ಮುಧೋಳದಂಥ ನಾಯಿಗೆ ಕತ್ತಿಗಿಂತ ತಲೆ ಸಪೂರ. ಮಾಮೂಲಿ ಬೆಲ್ಟನ್ನು ಹಿಂದಕ್ಕೆ ಜಗ್ಗಿ ಸಲೀಸಾಗಿ ಕಳಚಿಕೊಳ್ಳುತ್ತದೆ. ಎಳೆದಾಗ ತುಸು ಬಿಗಿಯಾಗುವ ಅಗಲ ಬೆಲ್ಟ್ ಹಾಕಿ.

ಆರು ಅಡಿ ಹಗ್ಗ, 8–10 ಮೀಟರ್ ಉದ್ದದ ಹಗ್ಗ, ಎರಡು ಮರಕ್ಕೆ ಕಟ್ಟಲು ಗಟ್ಟಿ ನೈಲಾನ್ ಹಗ್ಗ, ನಾಲ್ಕು ಕಬ್ಬಿಣದ ಕ್ಯಾರಾಬೈನರ್ (ಒತ್ತಿದರೆ ತೆರೆಯುವ ಕೊಂಡಿ). ಹಗ್ಗ ಕಡಿಯುವ ನಾಯಿ ಆದರೆ ಪ್ಲಾಸ್ಟಿಕ್ ಹೊದಿಕೆಯ ಕೇಬಲ್. ಗುಂಡಿ ಒತ್ತಿದರೆ ಉದ್ದ ಆಗುವ ಹಗ್ಗ ತರಲೇಬೇಡಿ. ಗಿಡಕ್ಕೆ ಸುತ್ತಿಕೊಳ್ಳುತ್ತದೆ, ಕೈ ಕೊಯ್ಯುತ್ತದೆ, ಹಿಡಿ ಕೈಜಾರಿದರೆ ನಾಯಿ ಹಿಂದೆ ದಡದಡ ಎಳೆದುಕೊಂಡು ಹೋಗಿ ಅದನ್ನು ಇನ್ನಷ್ಟು ಹೆದರಿಸುತ್ತದೆ.

ಬುಟ್ಟಿಯಂಥ ಬಾಯಿಕುಕ್ಕೆ, ಬೆಳಕು ಬರುವ ಬೆಲ್ಟ್, ಹೆಡ್‌ಟಾರ್ಚು, ಉಣ್ಣೆ ಕೀಳುವ ಚಿಮುಟ, ಉಪ್ಪು, ಬ್ಯಾಂಡೇಜು, ದಪ್ಪ ಟವೆಲ್ಲು. ಮತ್ತೆ ಒಂದು ಕಟಿಂಗ್ ಪ್ಲೇಯರ್. ಇದನ್ನು ಬಿಟ್ಟು ಹೋಗಬೇಡಿ. ಹಂದಿ ಉರುಳಿಗೆ ನಾಯಿ ಸಿಕ್ಕಿದರೆ ತಂತಿ ಕತ್ತರಿಸಲು ಬೇರೆ ದಾರಿ ಇಲ್ಲ. ಹೋಗುವ ಜಾಗಕ್ಕೆ ಹತ್ತಿರದ ಪಶು ಆಸ್ಪತ್ರೆಯ ನಂಬರನ್ನು, ಪಶು ಸಂಜೀವಿನಿ ಆಂಬುಲೆನ್ಸಿನ 1962ನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ತೋಟದಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತಲೂ ಹೋದ ಕೂಡಲೇ ನೋಡಿಕೊಳ್ಳಿ.

## ಹಂತ 5: ದಾರಿ, ಮತ್ತು ಬಾಗಿಲು ತೆಗೆಯುವ ಗಳಿಗೆ

ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಊಟ ಮುಗಿಸಿ. ಘಾಟಿ ತಿರುವುಗಳಲ್ಲಿ ಹೊಟ್ಟೆ ತುಂಬಿದ ನಾಯಿ ವಾಂತಿ ಮಾಡುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಿ. ನಿಂತ ಕಾರಿನಲ್ಲಿ ಅದನ್ನು ಬಿಟ್ಟು ತಿಂಡಿಗೆ ಹೋಗಬೇಡಿ, ಕಿಟಕಿ ಸ್ವಲ್ಪ ಇಳಿಸಿದ್ದರೂ.

ತಲುಪಿದ ಮೇಲೆ ಈ ಕ್ರಮ ಒಂದಿಷ್ಟೂ ಬದಲಾಗಬಾರದು. ಒಬ್ಬರು ಇಳಿದು ಸುತ್ತ ನೋಡಿ: ತೋಟದ ನಾಯಿ, ಕೋಳಿ, ದನ ಎಲ್ಲಿವೆ? ನಂತರ ಕಾರಿನ ಒಳಗೇ ಹಗ್ಗ ಹಾಕಿ. ಹಗ್ಗದ ತುದಿ ಕೈಗೆ ಬಂದ ಮೇಲಷ್ಟೇ ಬಾಗಿಲು. ಹಗ್ಗ ಬದಲಿಸುವಾಗಲೂ ಹೊಸದನ್ನು ಸಿಕ್ಕಿಸಿದ ಮೇಲೆ ಹಳೆಯದನ್ನು ಬಿಚ್ಚಿ. ಈ ಅಭ್ಯಾಸ ಒಂದರಿಂದಲೇ ಅರ್ಧಕ್ಕರ್ಧ ಓಟ ತಪ್ಪುತ್ತದೆ.

## ಹಂತ 6: ಮೊದಲ ಒಂದು ಗಂಟೆ

ಟೆಂಟು ಹಾಕಲು ಅವಸರ ಮಾಡಬೇಡಿ. ಮೊದಲು ಗಿಡ್ಡ ಹಗ್ಗದಲ್ಲಿ ನಾಯಿಯನ್ನು ಕ್ಯಾಂಪಿನ ಸುತ್ತ ನಿಧಾನವಾಗಿ ಇಪ್ಪತ್ತು ನಿಮಿಷ ನಡೆಸಿ. ಮೂಸಲಿ, ಉಚ್ಚೆ ಮಾಡಲಿ. ನೀವು ನೆಲ ನೋಡುತ್ತಾ ಹೋಗಿ. ಬೇಲಿಯ ಕಿಂಡಿಯಲ್ಲಿ ತಂತಿ ಕುಣಿಕೆ, ಒಡೆದ ಬಾಟಲಿ, ನೀಲಿ ಗುಳಿಗೆ (ಬಸವನಹುಳದ ವಿಷ), ಸೋಲಾರ್ ಬೇಲಿ, ಹಾವಿನ ಹುತ್ತ ಇವನ್ನೆಲ್ಲ ಗುರುತಿಟ್ಟುಕೊಳ್ಳಿ. ನೆಲಕ್ಕೆ ಬಿದ್ದ ಕಾಫಿ ಹಣ್ಣು ತಿನ್ನಲು ಬಿಡಬೇಡಿ. ಕೆಫೀನ್ ನಾಯಿಗೆ ವಿಷ. ಏದುಸಿರು, ಚಡಪಡಿಕೆ, ನಡುಕ ಕಂಡರೆ ಡಾಕ್ಟರಿಗೆ ಫೋನ್ ಮಾಡಿ.

ನಂತರ ಹಗ್ಗದ ಸಾಲು ಕಟ್ಟಿ. ಒಂದೇ ಮರಕ್ಕೆ ಕಟ್ಟಿದರೆ ನಾಯಿ ಸುತ್ತು ಹಾಕಿ ಹಗ್ಗ ಮುಗಿಸಿಕೊಳ್ಳುತ್ತದೆ. ಬದಲಿಗೆ 6–8 ಮೀಟರ್ ದೂರದ ಎರಡು ಮರಕ್ಕೆ ತಲೆ ಎತ್ತರದಲ್ಲಿ ನೈಲಾನ್ ಹಗ್ಗ ಬಿಗಿಯಾಗಿ ಕಟ್ಟಿ. ಎರಡೂ ಮರದಿಂದ ನಾಯಿಯ ಹಗ್ಗದಷ್ಟೇ ದೂರ ಬಿಟ್ಟು ಒಂದೊಂದು ದಪ್ಪ ಗಂಟು ಹಾಕಿ. ಗಂಟುಗಳ ನಡುವೆ ಕ್ಯಾರಾಬೈನರ್ ಜಾರುವಂತೆ ಸಿಕ್ಕಿಸಿ, ಅದಕ್ಕೆ ನಾಯಿಯ ಹಗ್ಗ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಕಾಣುತ್ತದೆ. ಈಗ ನಾಯಿ ಆಚೆ ಈಚೆ ಓಡಾಡಬಹುದು, ಮರ ಸುತ್ತುವುದಿಲ್ಲ. ಹಗ್ಗದ ಉದ್ದ ನಾಯಿ ಮಲಗಲು ಸಾಕಾಗುವಷ್ಟು ಇರಲಿ, ಜಾಸ್ತಿ ಬೇಡ.

ಎಚ್ಚರಿಕೆ ಮೂರು. ಈ ಸಾಲಿಗೆ ಹಾರ್ನೆಸ್ ಮಾತ್ರ ಸಿಕ್ಕಿಸಿ. ಕತ್ತಿನ ಬೆಲ್ಟಿಗೆ ಸಿಕ್ಕಿಸಿದರೆ ಹಾರಿದಾಗ ಕುತ್ತಿಗೆ ಬಿಗಿಯುತ್ತದೆ. ಒಲೆಯಿಂದ ಕನಿಷ್ಠ ಮೂರು ಮೀಟರ್ ದೂರ, ಇಳಿಜಾರಿನ ಅಂಚಿನಿಂದ ಇನ್ನೂ ದೂರ. ಯಾರೂ ಇಲ್ಲದಾಗ ಅಲ್ಲಿ ಕಟ್ಟಿ ಹೋಗುವಂತಿಲ್ಲ. ಸಾಲಿನ ಕೆಳಗೆ ನೆರಳಿನಲ್ಲಿ ಮನೆಯ ಚಾಪೆ ಹಾಸಿ, ಪಕ್ಕದಲ್ಲಿ ನೀರು ಇಡಿ. ಇಷ್ಟಾದ ಮೇಲೆ ಟೆಂಟು.

## ಹಂತ 7: ಹಗಲಿನ ಹೊತ್ತು

ದನ, ಕೋಳಿ ಕಂಡಾಗ ಹಗ್ಗ ಜಗ್ಗಿ ಬೈದರೆ ನಾಯಿಯ ಆವೇಶ ಜಾಸ್ತಿ ಆಗುತ್ತದೆ. ಅದಕ್ಕೂ ಮುಂಚಿನ ಗುರುತು ಹಿಡಿಯಿರಿ. ಬಾಯಿ ಮುಚ್ಚುತ್ತದೆ, ಕಿವಿ ಮುಂದಕ್ಕೆ ನಿಲ್ಲುತ್ತದೆ, ಮೈ ಬಿಗಿಯುತ್ತದೆ, ಬಾಲ ಮೇಲೇಳುತ್ತದೆ. ಆ ಕ್ಷಣದಲ್ಲೇ ಸೀಟಿ ಊದಿ, ತಿರುಗಿ ಬೇರೆ ದಿಕ್ಕಿಗೆ ನಡೆಯಿರಿ, ಬಂದರೆ ಕೋಳಿ ತುಂಡು. ಬೊಗಳಲು ಶುರು ಮಾಡಿದ ಮೇಲೆ ತಿಂಡಿ ತೋರಿಸಿ ಪ್ರಯೋಜನ ಇಲ್ಲ, ದೂರ ಕರೆದೊಯ್ಯುವುದಷ್ಟೇ.

ತೋಟದ ನಾಯಿಗಳನ್ನು ಕ್ಯಾಂಪಿನಲ್ಲಿ ಭೇಟಿ ಮಾಡಿಸಬೇಡಿ. ಅಲ್ಲಿ ಊಟ ಇರುತ್ತದೆ, ಜಗಳ ಖಾತ್ರಿ. ಮಾಲೀಕರಿಗೆ ಹೇಳಿ ಅವರ ನಾಯಿಗೂ ಹಗ್ಗ ಹಾಕಿಸಿ, ರಸ್ತೆಯಲ್ಲಿ ಹತ್ತು ಮೀಟರ್ ಅಂತರದಲ್ಲಿ ಎರಡನ್ನೂ ಒಂದೇ ದಿಕ್ಕಿಗೆ ನಡೆಸಿ. ಸಡಿಲಾದ ಮೇಲೆ ಅಂತರ ಕಡಿಮೆ ಮಾಡಿ. ಕಚ್ಚಾಟ ಆಗಿಬಿಟ್ಟರೆ ನಡುವೆ ಕೈ ಹಾಕಬೇಡಿ. ಬಕೆಟ್ ನೀರು ಎರಚಿ, ಇಲ್ಲ ಮುಖದ ಮೇಲೆ ಕಂಬಳಿ ಹಾಕಿ. ಆಮೇಲೆ ಇಬ್ಬರು ಒಂದೊಂದು ನಾಯಿಯ ಹಿಂಗಾಲು ಹಿಡಿದು ಹಿಂದಕ್ಕೆ ಎಳೆಯಿರಿ. ಮನುಷ್ಯರಿಗೆ ಹಲ್ಲು ತಾಗಿದರೆ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ನಾಯಿ ಕೋಳಿ ಹಿಡಿದರೆ ಬೆಲೆ ಚೌಕಾಶಿ ಮಾಡದೆ ಕೊಡಿ.

ಹಳ್ಳದಲ್ಲಿ ಆಡಿಸುವುದಾದರೆ ಉದ್ದ ಹಗ್ಗ ಇರಲಿ. ನಿಂತ ನೀರು ಕುಡಿಯಲು ಬಿಡಬೇಡಿ. ಜಿಗಣೆ ಹತ್ತಿದರೆ ಉಪ್ಪು ಸಾಕು. ಹೊಗೆಸೊಪ್ಪು ಹಚ್ಚಬೇಡಿ, ನಾಯಿ ನೆಕ್ಕುತ್ತದೆ. ಮೂಗಿನೊಳಗೆ ಜಿಗಣೆ ಹೋಗಿ ರಕ್ತ ಸೋರುತ್ತಿದ್ದರೆ ಕೀಳಲು ಹೋಗದೆ ಡಾಕ್ಟರ್ ಹತ್ತಿರ ಒಯ್ಯಿರಿ.

ಬಿಸಿಲಿನ ಬಗ್ಗೆ: ಮಧ್ಯಾಹ್ನ ಟೆಂಟಿನೊಳಗೆ ನಾಯಿ ಇರಬಾರದು. ಪಗ್, ಬುಲ್‌ಡಾಗ್‌ಗಳಿಗೆ ಇದು ಬೇಗ ಪ್ರಾಣಕ್ಕೆ ಬರುತ್ತದೆ. ನಿಲ್ಲದ ಏದುಸಿರು, ಅಂಟು ಜೊಲ್ಲು, ಕಡುಗೆಂಪು ವಸಡು, ತೂರಾಡುವ ನಡಿಗೆ ಕಂಡರೆ ನೆರಳಿಗೆ ತಂದು ಹೊಟ್ಟೆ, ಪಾದಕ್ಕೆ ತಣ್ಣೀರು ಹಾಕಿ ಗಾಳಿ ಬೀಸಿ. ಮೈ ಬಿಸಿ 40.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಸ್ಪತ್ರೆ ದಾರಿ ಹಿಡಿಯಿರಿ.

ಉರುಳಿಗೆ ಸಿಕ್ಕಿಬಿದ್ದರೆ ಎಳೆಯಬೇಡಿ, ಎಳೆದಷ್ಟೂ ಬಿಗಿಯುತ್ತದೆ. ಕಣ್ಣಿಗೆ ಬಟ್ಟೆ ಮುಚ್ಚಿ ಒಬ್ಬರು ಅಪ್ಪಿ ಹಿಡಿಯಿರಿ, ಇನ್ನೊಬ್ಬರು ತಂತಿ ಕತ್ತರಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ನಡೆಸದೆ ಎತ್ತಿಕೊಂಡು ಹೋಗಿ. ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಆಗುತ್ತದೆ. ಅದು ಇದೆಯಾ ಅಂತ ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.

## ಹಂತ 8: ರಾತ್ರಿ

ಕತ್ತಲಾಗುವ ಅರ್ಧ ಗಂಟೆ ಮುಂಚೆ ಕೊನೆಯ ನಡಿಗೆ, ಊಟ ಮುಗಿದಿರಬೇಕು. ಉಳಿದ ಅನ್ನ, ಎಲುಬು, ನಾಯಿಯ ತಟ್ಟೆ ಎಲ್ಲವನ್ನೂ ತೊಳೆದು ಕಾರಿನಲ್ಲಿ ಇಡಿ. ಹೊರಗೆ ಇಟ್ಟರೆ ಹಂದಿಯನ್ನು ನೀವೇ ಕರೆದಂತೆ.

ಮಲೆನಾಡಿನಲ್ಲಿ ರಾತ್ರಿ ನಾಯಿಯನ್ನು ಹೊರಗೆ ಕಟ್ಟಬಾರದು. ಕಾವಲಿಗೆ ಇರಲಿ ಅಂತ ಟೆಂಟಿನ ಬಾಗಿಲಲ್ಲಿ ಕಟ್ಟುವವರಿದ್ದಾರೆ. ಚಿರತೆಗೆ ನಾಯಿ ಸುಲಭದ ಆಹಾರ, ಕಟ್ಟಿದ ನಾಯಿ ಇನ್ನೂ ಸುಲಭ. ಅದು ನಿಮ್ಮನ್ನು ನಂಬಿ ಬಂದಿದೆ. ನಿಮ್ಮ ಜೊತೆ ಟೆಂಟಿನ ಒಳಗೇ ಮಲಗಲಿ. ಚಿರತೆ ಓಡಾಟ ಇರುವ ಕಡೆ ಆದರೆ ಟೆಂಟೂ ಬೇಡ, ಹೋಂಸ್ಟೇ ಕೋಣೆಯೊಳಗೆ ಮಲಗಿ.

ಒಳಗೆ ಹಳೆ ದುಪ್ಪಟಿ ಹಾಸಿ, ಉಗುರಿಗೆ ಟೆಂಟು ಹರಿಯದಿರಲಿ. ಹಾರ್ನೆಸ್ ಹಾಕಿಯೇ ಇರಲಿ. ಗಿಡ್ಡ ಹಗ್ಗದ ತುದಿಯನ್ನು ನಿಮ್ಮ ಭಾರದ ಬ್ಯಾಗಿಗೆ ಕಟ್ಟಿ. ನಿದ್ದೆಗಣ್ಣಿನಲ್ಲಿ ಯಾರೋ ಜಿಪ್ ತೆರೆದಾಗ ನಾಯಿ ನುಗ್ಗಿ ಹೋಗುವುದು ಇದರಿಂದ ತಪ್ಪುತ್ತದೆ.

ಜೀರುಂಡೆ, ಗೂಬೆಯ ಸದ್ದಿಗೆ ಒಂದೆರಡು ಸಲ ಬೊಗಳಿದರೆ ಕೈ ಮೈಮೇಲಿಟ್ಟು ಮೆಲ್ಲಗೆ ಮಾತಾಡಿ. ನೀವೂ ಕಿರುಚಿದರೆ ನೀವೂ ಬೊಗಳುತ್ತಿದ್ದೀರಿ ಅಂತ ಅದಕ್ಕೆ ಅನಿಸುತ್ತದೆ. ಆದರೆ ಬೆನ್ನ ಕೂದಲು ನಿಮಿರಿ, ಬೊಗಳದೆ ಹಿಂದಕ್ಕೆ ಸರಿದು ನಿಮ್ಮ ಮೈಗೆ ಅಂಟಿಕೊಂಡು ನಡುಗಿದರೆ ಹೊರಗೆ ದೊಡ್ಡ ಪ್ರಾಣಿ ಇದೆ ಅಂತಲೇ ತಿಳಿಯಿರಿ. ಜಿಪ್ ತೆರೆಯಬೇಡಿ. ನಾಯಿಯ ಬಾಯಿ ಸುಮ್ಮನಾಗಿಸಿ, ತೋಟದವರಿಗೆ ಫೋನ್ ಮಾಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

## ಹಂತ 9: ತಪ್ಪಿಸಿಕೊಂಡರೆ

ಬೆನ್ನಟ್ಟಬೇಡಿ. ಬೆನ್ನಟ್ಟಿದರೆ ನಾಯಿಗೆ ಆಟ, ಹೆದರಿದ ನಾಯಿಗೆ ಇನ್ನಷ್ಟು ಭಯ. ಕಣ್ಣಿಗೆ ಕಾಣುತ್ತಿದ್ದರೆ ಸೀಟಿ ಊದಿ ಎದುರು ದಿಕ್ಕಿಗೆ ಓಡಿ, ಇಲ್ಲವೇ ನೆಲಕ್ಕೆ ಕುಳಿತು ತಿಂಡಿ ಪೊಟ್ಟಣ ಸದ್ದು ಮಾಡಿ. ಕಾಣದಿದ್ದರೆ ಒಬ್ಬರು ಅಲ್ಲೇ ಉಳಿಯಬೇಕು. ಬಹಳ ನಾಯಿಗಳು ಬಿಟ್ಟು ಹೋದ ಜಾಗಕ್ಕೇ ಮರಳುತ್ತವೆ. ಅಲ್ಲಿ ಅದರ ಚಾಪೆ, ನೀವು ಹಾಕಿ ಬಿಚ್ಚಿದ ಅಂಗಿ, ನೀರು ಇಡಿ. ಇನ್ನೊಬ್ಬರು ತೋಟದವರ ಜೊತೆ ಲೈನ್ ಮನೆಗಳಿಗೆ (ತೋಟದ ಕೆಲಸದವರ ಮನೆ ಸಾಲು) ಹೋಗಿ ಫೋಟೊ ತೋರಿಸಿ. ಕೆಲಸದವರಿಗೆ ಉರುಳು ಇಡುವ ಜಾಗ, ಹಂದಿ ದಾರಿ ಎಲ್ಲ ಗೊತ್ತಿರುತ್ತದೆ. ಕತ್ತಲಾದ ಮೇಲೆ ಕಾಡಿಗೆ ನುಗ್ಗಬೇಡಿ. ಬೆಳಕು ಹರಿಯುವ ಹೊತ್ತಿಗೆ ಮತ್ತೆ ಹುಡುಕಿ. ಸಿಕ್ಕಾಗ ಬೈಯಬೇಡಿ.

## ಹಂತ 10: ಹೊರಡುವಾಗ, ಮನೆಗೆ ಬಂದ ಮೇಲೆ

ಟೆಂಟು ಬಿಚ್ಚುವ ಗಡಿಬಿಡಿಯಲ್ಲೂ ನಾಯಿಗಳು ಜಾಸ್ತಿ ತಪ್ಪಿಸಿಕೊಳ್ಳುತ್ತವೆ. ಹಗ್ಗದ ಸಾಲನ್ನು ಕೊನೆಗೆ ಬಿಚ್ಚಿ. ನಾಯಿ ಕಾರು ಹತ್ತಿ ಬಾಗಿಲು ಹಾಕುವ ತನಕ ಹಗ್ಗ ಒಬ್ಬರ ಕೈಯಲ್ಲೇ ಇರಬೇಕು. ನಾಯಿಯ ಹೇಲು ಚೀಲದಲ್ಲಿ ತುಂಬಿಕೊಂಡು ಬನ್ನಿ.

ಮನೆಯೊಳಗೆ ಬಿಡುವ ಮುಂಚೆ ಕಿವಿಯ ಒಳಗೆ, ಕಂಕುಳು, ಕಾಲ್ಬೆರಳ ಸಂದು, ಬೆಲ್ಟಿನ ಕೆಳಗೆ, ಬಾಲದ ಬುಡದಲ್ಲಿ ಉಣ್ಣೆ ಹುಡುಕಿ. ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಸೀಮೆಎಣ್ಣೆ ಹಾಕಬೇಡಿ. ಮುಂದಿನ ಎರಡು ಮೂರು ವಾರ ಗಮನ ಇರಲಿ. ಊಟ ಬಿಡುವುದು, ಜ್ವರ, ಬಿಳಿಚಿದ ವಸಡು, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಉಚ್ಚೆ, ಯಾವುದು ಕಂಡರೂ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಉಣ್ಣೆ ಇರುವ ಜಾಗಕ್ಕೆ ಹೋಗಿಬಂದಿದ್ದೇವೆ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ನಿಮಗೇ ಜ್ವರ ಬಂದರೂ ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ್ದು ಇದನ್ನೇ.